ಈ ತಿಂಗಳ ಪಾಠ: ಮೊಬೈಲಿನಲ್ಲಿ ತಿರುಗುವ ರೂಲೆಟ್ ಚಕ್ರ



ಒಂದು ಸ್ವಸಹಾಯ ಸಂಘದ ಸಭೆ ಮುಗಿಸಿ ಹೊರಡುವಾಗ ಒಬ್ಬ ತಾಯಿ ನನ್ನನ್ನು ಪಕ್ಕಕ್ಕೆ ಕರೆದರು. ಹಸು ಕೊಳ್ಳಲೆಂದು ಸಂಘದಿಂದ ತೆಗೆದ ಸಾಲದಲ್ಲಿ 12,000 ರೂಪಾಯಿ ಮಗನ ಮೊಬೈಲಿನಲ್ಲಿ ಕರಗಿ ಹೋಗಿತ್ತು. "ಸಿಸ್ಟರ್, ಅದರಲ್ಲಿ ಒಂದು ಚಕ್ರ ತಿರುಗ್ತದೆ. ಇನ್ನೊಂದು ಸಾರಿ ಆಡಿದ್ರೆ ಎಲ್ಲಾ ವಾಪಸ್ ಬರ್ತದೆ ಅಂತಾನೆ. ಹೌದಾ?" ಎಂದು ಕೇಳಿದರು. ಮಗನನ್ನು ಬೈದರೆ ಈ ಪ್ರಶ್ನೆಗೆ ಉತ್ತರ ಸಿಗುವುದಿಲ್ಲ. ಆ ಚಕ್ರ ಏನು, ಎಲ್ಲಿಂದ ಬಂತು, ಅದರ ಲೆಕ್ಕ ಏನು ಎಂದು ಈ ತಿಂಗಳು ಒಟ್ಟಿಗೆ ಕಲಿಯೋಣ.

ಚಕ್ರ ಬಂದ ದಾರಿ

ರೂಲೆಟ್ ಎಂದರೆ ಫ್ರೆಂಚ್ ಭಾಷೆಯಲ್ಲಿ ಚಿಕ್ಕ ಚಕ್ರ. 18ನೇ ಶತಮಾನದ ಕೊನೆಯಲ್ಲಿ ಪ್ಯಾರಿಸ್ ನಗರದ ಜೂಜಿನ ಮನೆಗಳಲ್ಲಿ ಇಂದಿನ ರೂಪದ ಆಟ ನಡೆಯುತ್ತಿತ್ತು. ಆಗ ಚಕ್ರದಲ್ಲಿ 1ರಿಂದ 36ರವರೆಗಿನ ಸಂಖ್ಯೆಗಳ ಜೊತೆ ಒಂದು ಸೊನ್ನೆ, ಒಂದು ಜೋಡಿ ಸೊನ್ನೆ ಇದ್ದವು. 1837ರ ಕೊನೆಗೆ ಫ್ರಾನ್ಸ್ ಜೂಜಿನ ಮನೆಗಳನ್ನು ಮುಚ್ಚಿಸಿತು. ಆಟ ಸಾಯಲಿಲ್ಲ, ಊರು ಬದಲಾಯಿಸಿತು. ಜರ್ಮನಿಯ ಬಾಡ್ ಹೋಂಬುರ್ಗ್‌ನಲ್ಲಿ ಬ್ಲಾಂಕ್ ಸಹೋದರರು ಗಿರಾಕಿಗಳನ್ನು ಸೆಳೆಯಲು ಜೋಡಿ ಸೊನ್ನೆಯನ್ನು ತೆಗೆದು ಒಂದೇ ಸೊನ್ನೆಯ ಚಕ್ರ ತಂದರು. 1863ರಲ್ಲಿ ಅವರಲ್ಲಿ ಒಬ್ಬರಾದ ಫ್ರಾಂಸ್ವಾ ಬ್ಲಾಂಕ್ ಮೊನಾಕೊ ದೇಶದ ಮಾಂಟೆ ಕಾರ್ಲೊ ಕ್ಯಾಸಿನೊ ವಹಿಸಿಕೊಂಡರು. ಅಮೆರಿಕದಲ್ಲಿ ಎರಡು ಸೊನ್ನೆಯ ಚಕ್ರವೇ ಉಳಿಯಿತು.

ಒಂದು ಮಾತು ಗಮನಿಸಿ. ಮೊನಾಕೊ ತನ್ನ ಪ್ರಜೆಗಳು ಆ ಕ್ಯಾಸಿನೊದಲ್ಲಿ ಆಡುವುದನ್ನು ನಿಷೇಧಿಸಿದೆ. ನಮ್ಮ ನೆರೆಯ ಗೋವಾ ಕೂಡ 2020ರಲ್ಲಿ ಗೋವಾದವರು ಕ್ಯಾಸಿನೊಗೆ ಹೋಗಬಾರದೆಂದು ಆದೇಶ ಮಾಡಿತು. ಹೊರಗಿನವರು ಹೋಗಬಹುದು. ಅಂದರೆ ಆಡಿಸುವವರಿಗೆ ಪರಿಣಾಮ ಚೆನ್ನಾಗಿ ಗೊತ್ತು, ಅಲ್ವಾ?

ಆಡುವ ಬಗೆ

ಚಕ್ರದಲ್ಲಿ 37 ಮನೆಗಳು. 18 ಕೆಂಪು, 18 ಕಪ್ಪು, ಒಂದು ಹಸಿರು ಸೊನ್ನೆ. ಆಡುವವರು ಸಂಖ್ಯೆಯ ಮೇಲೋ ಬಣ್ಣದ ಮೇಲೋ ಹಣ ಇಡುತ್ತಾರೆ. ಚೆಂಡು ನಿಂತ ಮನೆ ಗೆಲ್ಲುತ್ತದೆ. ಒಂದೇ ಸಂಖ್ಯೆಗೆ ಇಟ್ಟು ಗೆದ್ದರೆ ಒಂದಕ್ಕೆ 35, 12 ಸಂಖ್ಯೆಗಳ ಗುಂಪಿಗೆ ಒಂದಕ್ಕೆ 2, ಕೆಂಪು-ಕಪ್ಪಿಗೆ ಒಂದಕ್ಕೆ 1 ಸಿಗುತ್ತದೆ.

ಸಭೆಯಲ್ಲಿ ಮಾಡಿ ನೋಡಿ

ಸೊನ್ನೆಯಿಂದ 36ರವರೆಗೆ 37 ಚೀಟಿ ಬರೆಯಿರಿ. ಒಂದೊಂದು ಸಂಖ್ಯೆಗೂ ಒಂದೊಂದು ಹುಣಸೆಬೀಜ ಇಡಿ. ಒಟ್ಟು 37 ಬೀಜ. ಈಗ ಒಂದು ಚೀಟಿ ಎತ್ತಿ. ಯಾವುದೇ ಬರಲಿ, ಗೆದ್ದ ಮನೆಗೆ 35 ಬೀಜ ಬಹುಮಾನ, ಇಟ್ಟ ಒಂದು ಬೀಜ ವಾಪಸ್. ಕೈಗೆ ಬಂದದ್ದು 36. ಒಂದು ಬೀಜ ಎಲ್ಲಿ ಹೋಯಿತು? ಆಡಿಸುವವನ ಜೇಬಿಗೆ. ಅವನು ಮೋಸ ಮಾಡಬೇಕಾಗಿಯೇ ಇಲ್ಲ, ನಿಯಮದೊಳಗೇ ಅವನ ಪಾಲು ಕೂತಿದೆ. ಕೆಂಪಿಗೆ ಇಟ್ಟರೂ ಅಷ್ಟೇ. 37ರಲ್ಲಿ 18 ಗೆಲ್ಲಿಸುತ್ತವೆ, 19 ಸೋಲಿಸುತ್ತವೆ. ನೂರಕ್ಕೆ ಸುಮಾರು 2.70 ರೂಪಾಯಿ ಹೋಗುತ್ತದೆ. ಎರಡು ಸೊನ್ನೆಯ ಚಕ್ರದಲ್ಲಿ 5.26.

ಯಂತ್ರ ಬಂದ ಮೇಲೆ

"ನೂರಕ್ಕೆ ಮೂರು ರೂಪಾಯಿಯೂ ಇಲ್ಲ, ಇದೇನು ಮಹಾ" ಅಂತ ಅನ್ನಿಸಬಹುದು. ಇಲ್ಲೇ ಎಲೆಕ್ಟ್ರಾನಿಕ್ ಆಟದ ಗುಟ್ಟು ಇರುವುದು. ಕೆಲವು ಯಂತ್ರಗಳಲ್ಲಿ ನಿಜವಾದ ಚಕ್ರವೇ ಇದ್ದು, ಹಣ ಇಡುವುದು ಮಾತ್ರ ಪರದೆಯಲ್ಲಿ. ಬೇರೆ ಕೆಲವದರಲ್ಲಿ ಚಕ್ರವೇ ಇಲ್ಲ. ಕಂಪ್ಯೂಟರ್ ಒಂದು ಸಂಖ್ಯೆ ಆರಿಸುತ್ತದೆ, ತಿರುಗುವ ಚಕ್ರ ಬರೀ ಚಿತ್ರ. ಕಾನೂನಿಗೆ ಸಿಗದ ಮೊಬೈಲ್ ಆಟದಲ್ಲಿ ಆ ಸಂಖ್ಯೆ ಹೇಗೆ ಬಂತೆಂದು ಆಡುವವರು ತಿಳಿಯಲಾರರು.

ಆದರೆ ದೊಡ್ಡ ಬದಲಾವಣೆ ವೇಗದ್ದು. ಮೇಜಿನ ಆಟ ಗಂಟೆಗೆ 40 ಸುತ್ತು ನಡೆಯಿತು ಎಂದಿಟ್ಟುಕೊಳ್ಳಿ. ಪ್ರತಿ ಸುತ್ತಿಗೆ 100 ರೂಪಾಯಿ ಇಟ್ಟರೆ 4,000 ಇಟ್ಟ ಹಾಗಾಯಿತು, ಸರಾಸರಿ ನಷ್ಟ 108 ರೂಪಾಯಿ. ಯಂತ್ರದಲ್ಲಿ 20 ಸೆಕೆಂಡಿಗೆ ಒಂದು ಸುತ್ತಾದರೆ ಗಂಟೆಗೆ 180 ಸುತ್ತು, ಇಟ್ಟದ್ದು 18,000, ನಷ್ಟ 486. ನಡುವೆ ಗೆಲ್ಲುವುದೂ ಉಂಟು. ಗೆದ್ದದ್ದನ್ನು ಮತ್ತೆ ಇಡುತ್ತಾರೆ, ಆದ್ದರಿಂದ ಹಣ ಹೋದದ್ದೇ ತಿಳಿಯುವುದಿಲ್ಲ. ಬ್ರಿಟನ್ನಿನ ಬೆಟ್ಟಿಂಗ್ ಅಂಗಡಿಗಳಲ್ಲಿ ಇಂಥ ಯಂತ್ರಗಳಿಂದ ಕುಟುಂಬಗಳು ಹಾಳಾಗುತ್ತಿವೆ ಎಂಬ ಕೂಗೆದ್ದು, 2019ರ ಏಪ್ರಿಲ್‌ನಲ್ಲಿ ಒಂದು ಸುತ್ತಿನ ಗರಿಷ್ಠ ಪಣವನ್ನು 100 ಪೌಂಡಿನಿಂದ 2 ಪೌಂಡಿಗೆ ಇಳಿಸಿದರು.

"ಸೋತರೆ ಎರಡರಷ್ಟು ಇಡು"

ಇದು ಹಳೆಯ ಉಪಾಯ. 100ರಿಂದ ಶುರು ಮಾಡಿ ಸತತ ಏಳು ಸಲ ಸೋತರೆ ಹೋದದ್ದು 12,700 ರೂಪಾಯಿ. ಅದೂ ಗೆಲ್ಲಬೇಕೆಂದಿದ್ದ ಬರೀ 100ಕ್ಕಾಗಿ! 1913ರ ಆಗಸ್ಟ್ 18ರಂದು ಮಾಂಟೆ ಕಾರ್ಲೊದಲ್ಲಿ 26 ಸಲ ಸತತವಾಗಿ ಕಪ್ಪೇ ಬಂತು. "ಈಗ ಕೆಂಪು ಬಂದೇ ಬರ್ತದೆ" ಎಂದು ಹಣ ಸುರಿದವರು ಬರಿಗೈಯಾದರು. ಚಕ್ರಕ್ಕೆ ಹಿಂದಿನ ಸುತ್ತಿನ ನೆನಪಿಲ್ಲ. ನಿಮ್ಮ ಸಾಲದ ನೆನಪಂತೂ ಇಲ್ಲವೇ ಇಲ್ಲ.

ಮನೆಯವರು ಏನು ಮಾಡಬಹುದು?

1. ಕಾನೂನು ತಿಳಿದುಕೊಳ್ಳಿ. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯಿದೆಗೆ 2025ರ ಆಗಸ್ಟ್‌ನಲ್ಲಿ ಸಂಸತ್ತು ಒಪ್ಪಿಗೆ ಕೊಟ್ಟಿತು. ಆಡಿಸುವವರಿಗೆ 3 ವರ್ಷದವರೆಗೆ ಜೈಲು, 1 ಕೋಟಿ ರೂಪಾಯಿವರೆಗೆ ದಂಡ ಉಂಟು. ಈ ಕಾಯಿದೆಯಲ್ಲಿ ಆಡಿದವರಿಗೆ ಶಿಕ್ಷೆ ಇಲ್ಲ. ಆದ್ದರಿಂದ ಹೆದರಿ ಮುಚ್ಚಿಡಬೇಡಿ.

2. ಹೋದ ಹಣವನ್ನು ಆಡಿ ವಾಪಸ್ ತರುವ ಮಾತಿಗೆ ಒಪ್ಪಬೇಡಿ. ಸಾಲದ ಪಟ್ಟಿ ಬರೆಯಿರಿ, ಕಂತು ಹಾಕಿ ತೀರಿಸಿ. ಸಂಘದಲ್ಲಿ ವಿಷಯ ತಿಳಿಸಿದರೆ ಕಂತು ಸಡಿಲ ಮಾಡಬಹುದು.

3. ಬಿಡಬೇಕೆಂದರೂ ಬಿಡಲಾಗದಿದ್ದರೆ ಅದು ಕಾಯಿಲೆ. ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ಪಟ್ಟಿಯಲ್ಲೇ ಅದು ಇದೆ. ಟೆಲಿ ಮಾನಸ್ 14416ಕ್ಕೆ ಉಚಿತವಾಗಿ ಫೋನ್ ಮಾಡಿ. ಆನ್‌ಲೈನ್ ವಂಚನೆಯಾಗಿದ್ದರೆ ತಕ್ಷಣ 1930ಕ್ಕೆ ತಿಳಿಸಿ.

ಆ ತಾಯಿ ಮಗನನ್ನೂ ಕರೆದುಕೊಂಡು ಬಂದಿದ್ದರು. ನಾನು ಉಪದೇಶ ಮಾಡಲಿಲ್ಲ. ಅವನ ಕೈಯಲ್ಲೇ 37 ಬೀಜ ಇಡಿಸಿದೆ. ಮೂರನೇ ಸಲ ಎಣಿಸಿದಾಗಲೂ 36 ಬಂತು. ಅವನು ಸುಮ್ಮನೆ ತಲೆ ತಗ್ಗಿಸಿದ. ಈಗ ಕೂಲಿ ದುಡ್ಡಿನಲ್ಲಿ ವಾರಕ್ಕೆ 300 ರೂಪಾಯಿ ಕಟ್ಟುತ್ತಿದ್ದಾನೆ. ಹಸು ಇನ್ನೂ ಬಂದಿಲ್ಲ.

ಚರ್ಚೆಗೆ ಪ್ರಶ್ನೆಗಳು

1. ಆಡಿಸುವವನು ಮೋಸ ಮಾಡದಿದ್ದರೂ ಗೆಲ್ಲುವುದು ಹೇಗೆ?
2. ನಮ್ಮ ಊರಿನ ಅಂದರ್ ಬಾಹರ್, ಮಟ್ಕಾಗಳಲ್ಲಿ ಆ "ಒಂದು ಬೀಜ" ಯಾರಿಗೆ ಹೋಗುತ್ತದೆ?
3. ಸಂಘದ ಸಾಲ ಬೇರೆ ಕಡೆಗೆ ಹೋಗದಂತೆ ನಾವು ಏನು ಮಾಡಬಹುದು?