ಸಾಕುಪ್ರಾಣಿಗಳ ಶಸ್ತ್ರಚಿಕಿತ್ಸೆ: ಕೊಡಗಿನ ಮನೆಗಳಲ್ಲಿ ಆಗಬೇಕಾದ ಸಿದ್ಧತೆ

ಅಸ್ಥಿ-ಸಂಧಿಗಳನ್ನು ಬಿಟ್ಟು ಚರ್ಮ, ಮಾಂಸಖಂಡ, ಉದರ, ಗರ್ಭಕೋಶ, ಮೂತ್ರಕೋಶಗಳೇ ಮೊದಲಾದ ಮೃದು ಅಂಗಾಂಶಗಳ ಮೇಲೆ ಪಶುವೈದ್ಯರು ನಡೆಸುವ ಶಸ್ತ್ರಚಿಕಿತ್ಸೆಯು ಕೊಡಗಿನ ತೋಟದ ಮನೆಗಳಿಗೆ ಅಪರಿಚಿತವಾದುದೇನಲ್ಲ. ಹೆಣ್ಣುನಾಯಿಯ ಸಂತಾನಹರಣ, ವಯಸ್ಸಾದ ನಾಯಿಯ ಗರ್ಭಕೋಶದಲ್ಲಿ ತುಂಬಿಕೊಂಡ ಕೀವು, ಕಾಡುಹಂದಿಯ ಕೋರೆಯಿಂದಲೋ ಬೇಲಿಯಂಚಿನ ಉರುಳಿನ ತಂತಿಯಿಂದಲೋ ಆದ ಗಾಯ, ಇವುಗಳಲ್ಲಿ ಒಂದಿಲ್ಲೊಂದು ನಾಯಿ ಸಾಕಿದ ಮನೆಗೆ ಎಂದಾದರೂ ಎದುರಾಗುವುದುಂಟು. ವೈದ್ಯರ ಕೈಯಲ್ಲಿ ಅದು ಒಂದೆರಡು ಗಂಟೆಯ ಕಾರ್ಯವಾದರೆ, ಅದರ ಹಿಂದುಮುಂದಿನ ದಿನಗಳ ಹೊಣೆಯೆಲ್ಲ ಮನೆಯವರದು. ಮತ್ತು ಈ ಸೀಮೆಯಲ್ಲಿ ಆ ಕಾರ್ಯವನ್ನು ಕೆಡಿಸುವ ಶತ್ರುಗಳು ಮುಖ್ಯವಾಗಿ ಎರಡು: ಉಣ್ಣಿ ಮತ್ತು ಮಳೆ.

ಮೊದಲು ನಿಶ್ಚಯಿಸಬೇಕಾದುದು ಕಾಲವನ್ನು. ಅವಸರವಿಲ್ಲದ ಸಂತಾನಹರಣದಂತಹ ಚಿಕಿತ್ಸೆಯನ್ನು, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆಯೂ ನೆಲವೂ ಒದ್ದೆಯಾಗಿಯೇ ಇರುವ ಮಳೆಗಾಲದಲ್ಲಿ ಮಾಡಿಸುವುದಕ್ಕಿಂತ, ಹುತ್ತರಿ ಹಬ್ಬ ಕಳೆದ ಮೇಲಿನ ಒಣ ತಿಂಗಳುಗಳಲ್ಲಿ ಮಾಡಿಸುವುದು ಲೇಸು. ಬೆದೆಯ ಸಮಯದಲ್ಲಿ ಗರ್ಭಕೋಶದ ರಕ್ತನಾಳಗಳು ಉಬ್ಬಿರುವುದರಿಂದ, ಬೆದೆ ಮುಗಿದು ಎರಡು-ಮೂರು ತಿಂಗಳಾದ ಮೇಲೆ ದಿನ ಗೊತ್ತುಮಾಡುವುದು ವಾಡಿಕೆ. ಆದರೆ ಗರ್ಭಕೋಶದ ಕೀವಿಗೆ ಋತುವಿನ ವಿಚಾರ ಸಲ್ಲದು. ಬೆದೆ ಮುಗಿದ ಒಂದೆರಡು ತಿಂಗಳೊಳಗೆ ನಡುವಯಸ್ಸಿನ ಹೆಣ್ಣುನಾಯಿ ಅನ್ನ ಬಿಟ್ಟು, ಅತಿಯಾಗಿ ನೀರು ಕುಡಿದು, ವಾಂತಿ ಮಾಡಿ, ಹೊಟ್ಟೆ ಉಬ್ಬಿಸಿಕೊಂಡಿತೆಂದರೆ ಅಂದೇ ಆಸ್ಪತ್ರೆಗೆ ಕೊಂಡೊಯ್ಯಬೇಕು. ಹೊರಗೆ ಸ್ರಾವ ಕಾಣದಿದ್ದ ಮಾತ್ರಕ್ಕೆ ಸಮಾಧಾನಪಡಬಾರದು. ಗರ್ಭದ್ವಾರ ಮುಚ್ಚಿಕೊಂಡು ಕೀವು ಒಳಗೇ ನಿಂತಿರುವ ಸ್ಥಿತಿಯೇ ಹೆಚ್ಚು ಘಾತಕ.

ಎರಡನೆಯದು ರಕ್ತಪರೀಕ್ಷೆ. ಕಾಫಿ ಗಿಡಗಳ ನೆರಳಿನಲ್ಲಿಯೂ ಹುಲ್ಲಿನಲ್ಲಿಯೂ ಸಂಚರಿಸುವ ನಾಯಿಗೆ ಉಣ್ಣಿಯ ಮೂಲಕ ತಗಲುವ ಜ್ವರಗಳು ಕೆಲವೊಮ್ಮೆ ಬಾಹ್ಯಲಕ್ಷಣವಿಲ್ಲದೆ ಒಳಗೇ ಉಳಿದು, ರಕ್ತ ಹೆಪ್ಪುಗಟ್ಟಲು ಬೇಕಾದ ಪ್ಲೇಟ್‌ಲೆಟ್‌ಗಳನ್ನು ಕುಗ್ಗಿಸಿರುತ್ತವೆ. ಅಂತಹ ಪ್ರಾಣಿಯ ಹೊಟ್ಟೆಯನ್ನು ತೆರೆದರೆ ನಿಲ್ಲದ ರಕ್ತಸ್ರಾವವನ್ನು ಎದುರಿಸಬೇಕಾದೀತು. ಆದುದರಿಂದ ಹಿಮೋಗ್ಲೋಬಿನ್, ಪ್ಲೇಟ್‌ಲೆಟ್ ಮತ್ತು ಮೂತ್ರಪಿಂಡದ ಪರೀಕ್ಷೆಗಳನ್ನು ಕೆಲವು ದಿನ ಮುಂಚಿತವಾಗಿಯೇ ಮಾಡಿಸಿ, ಕೊರತೆ ಕಂಡರೆ ಅದಕ್ಕೆ ಚಿಕಿತ್ಸೆ ಪಡೆದು, ಅನಂತರವೇ ಮುಂದುವರಿಯತಕ್ಕದ್ದು. ಖರ್ಚು ಉಳಿಸುವ ಸಲುವಾಗಿ ಈ ಹಂತವನ್ನು ಬಿಡುವವರನ್ನು ಕಂಡಾಗ ನನಗೆ ನಿಜಕ್ಕೂ ವ್ಯಥೆಯಾಗುತ್ತದೆ. ಸಮೀಪದ ಪಶು ಆಸ್ಪತ್ರೆಯಲ್ಲಿ ಆಗದ ಕ್ಲಿಷ್ಟ ಚಿಕಿತ್ಸೆಗಳಿಗೆ ಹಾಸನದ ಪಶುವೈದ್ಯಕೀಯ ಮಹಾವಿದ್ಯಾಲಯ, ಇನ್ನೂ ದೂರ ಹೋಗಬಲ್ಲವರಿಗೆ 1958ರಲ್ಲಿ ಆರಂಭವಾದ ಬೆಂಗಳೂರು ಹೆಬ್ಬಾಳದ ಮಹಾವಿದ್ಯಾಲಯ ಉಂಟು. ತುರ್ತಿನಲ್ಲಿ ಸರ್ಕಾರದ ಸಂಚಾರಿ ಪಶುಚಿಕಿತ್ಸಾ ವಾಹನಕ್ಕೆ 1962 ಸಂಖ್ಯೆಗೆ ಕರೆಮಾಡಬಹುದು.

ಹಿಂದಿನ ದಿನದ ಕ್ರಮ ಹೀಗೆ: ಬೆಳೆದ ನಾಯಿಗೆ ರಾತ್ರಿಯ ಲಘು ಆಹಾರದ ಬಳಿಕ ಏನನ್ನೂ ಕೊಡಬಾರದು, ನೀರನ್ನು ವೈದ್ಯರು ಹೇಳಿದ ಹೊತ್ತಿನವರೆಗೆ ಕೊಡಬಹುದು. ಅರಿವಳಿಕೆಯಲ್ಲಿ ವಾಂತಿಯಾಗಿ ಆಹಾರ ಶ್ವಾಸನಾಳಕ್ಕೆ ಇಳಿಯುವ ಭಯದಿಂದ ಈ ಉಪವಾಸ. ಎಳೆಯ ಮರಿಗಳನ್ನು ಅಷ್ಟು ಹೊತ್ತು ಹಸಿದಿರಿಸಬಾರದು, ಮೊಲಗಳಿಗಂತೂ ಉಪವಾಸವೇ ಸಲ್ಲದು. ಸ್ನಾನವನ್ನು ಎರಡು ದಿನ ಮೊದಲೇ ಮುಗಿಸಿರಬೇಕು. ಹೊಲಿಗೆ ಬಿಚ್ಚುವವರೆಗೆ ಮತ್ತೆ ಅದಕ್ಕೆ ಅವಕಾಶವಿಲ್ಲ.

ಕೋರೆಯ ಗಾಯದ ವಿಚಾರವನ್ನು ಕೊಂಚ ವಿಸ್ತಾರವಾಗಿಯೇ ಹೇಳಬೇಕಾಗಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಬೇಟೆಗೆ ತಡೆಯೊಡ್ಡಿದರೂ, ಗದ್ದೆಗೆ ನುಗ್ಗುವ ಹಂದಿಯ ಮೇಲೆ ತಾನಾಗಿ ಎರಗುವ ಕಾವಲುನಾಯಿಯನ್ನು ಯಾವ ಕಾಯಿದೆಯೂ ತಡೆಯಲಾರದು. ಹೊರಗೆ ಎರಡು ಬೆರಳಗಲದ ಸೀಳು ಕಂಡರೂ, ಒಳಗೆ ಚರ್ಮ ಮಾಂಸದಿಂದ ಅಂಗೈಯಗಲ ಬಿಟ್ಟುಕೊಂಡು, ಮಣ್ಣೂ ರೋಮವೂ ಆ ಪೊಳ್ಳಿನಲ್ಲಿ ಸೇರಿರುವುದುಂಟು. ಅದಕ್ಕೆ ಅರಿಸಿನವನ್ನೋ ಕಾಫಿಪುಡಿಯನ್ನೋ ತುಂಬಿದರೆ, ವೈದ್ಯರು ತೊಳೆದು ತೆಗೆಯಬೇಕಾದ ಕಶ್ಮಲಕ್ಕೆ ಇನ್ನಷ್ಟು ಸೇರಿಸಿದಂತಾಗುತ್ತದೆ. ಶುಭ್ರವಾದ ಬಟ್ಟೆಯನ್ನೊತ್ತಿ ರಕ್ತ ತಡೆದು, ಅನ್ನನೀರು ಕೊಡದೆ, ಹಲಗೆಯ ಮೇಲೋ ಕಂಬಳಿಯಲ್ಲೋ ಮಲಗಿಸಿ ಒಯ್ಯಬೇಕು. ಕರುಳು ಹೊರಬಂದಿದ್ದರೆ ಒಳಗೆ ತಳ್ಳದೆ, ಕುದಿಸಿ ಆರಿಸಿದ ನೀರಿನಲ್ಲಿ ಅದ್ದಿದ ಬಟ್ಟೆಯನ್ನು ಹೊದಿಸಬೇಕು. ನೋವಿನಿಂದ ಕಚ್ಚಬರುವ ನಾಯಿಯ ಬಾಯನ್ನು ಮೃದುವಾದ ಪಟ್ಟಿಯಿಂದ ಕಟ್ಟಬಹುದು, ಉಸಿರಿಗೆ ಕಷ್ಟಪಡುತ್ತಿದ್ದರೆ ಕೂಡದು. ವೈದ್ಯರು ಸತ್ತ ಮಾಂಸವನ್ನು ಕತ್ತರಿಸಿ ತೆಗೆದು, ಕೀವು ಹರಿದುಹೋಗಲು ರಬ್ಬರ್ ನಳಿಕೆಯಿರಿಸಿ, ಗಾಯವನ್ನು ಕೆಲದಿನ ತೆರೆದೇ ಬಿಟ್ಟರೆ ಅದನ್ನು ಅಲಕ್ಷ್ಯವೆಂದು ತಿಳಿಯಬಾರದು. ಮಲಿನವಾದ ಗಾಯವನ್ನು ಒಡನೆ ಹೊಲಿದುಬಿಟ್ಟರೆ ಸೋಂಕು ಒಳಗೇ ಬೆಳೆಯುತ್ತದೆ. ಉರುಳಿನ ತಂತಿಯನ್ನು ಕತ್ತರಿಸಿ ಬಿಡಿಸಿದಾಕ್ಷಣ ನಾಯಿ ಓಡಾಡಿದರೂ, ಬಿಗಿದ ಜಾಗದ ಚರ್ಮ ಕೆಲವು ದಿನಗಳ ಮೇಲೆ ಕಪ್ಪಾಗಿ ಸಾಯಬಹುದಾದ್ದರಿಂದ ವೈದ್ಯರಿಗೆ ತೋರಿಸಲೇಬೇಕು. ಗಾಯ ನಾಯಿ-ನರಿಗಳ ಕಡಿತದ್ದಾಗಿದ್ದರೆ ರೇಬೀಸ್ ಲಸಿಕೆಯ ಮಾತನ್ನು ಮೊದಲೇ ಎತ್ತಬೇಕು.

ಮನೆಗೆ ತಂದ ಮೇಲೆ, ಅರಿವಳಿಕೆಯಿಂದ ಮೈ ತಣ್ಣಗಾಗಿರುವ ಪ್ರಾಣಿಯನ್ನು ಗಾಳಿ ಬೀಸದ ಒಣ ಕೋಣೆಯಲ್ಲಿ, ಒಗೆದ ಹಳೆಯ ಹತ್ತಿಸೀರೆಯ ಮಡಿಕೆಯ ಮೇಲೆ ಮಲಗಿಸಬೇಕು. ಧೂಳೂ ನಾರೂ ಉದುರುವ ಗೋಣಿಚೀಲ ಬೇಡ. ಪೂರ್ಣ ಎಚ್ಚರವಾದ ಮೇಲೆ ಮೊದಲು ಸ್ವಲ್ಪ ನೀರು, ಬಳಿಕ ಮೆತ್ತನೆಯ ಗಂಜಿಯನ್ನ. ಕೊರಳಿಗೆ ಹಾಕಿದ ಪ್ಲಾಸ್ಟಿಕ್ ಕಾಲರನ್ನು ಕನಿಕರಪಟ್ಟು ತೆಗೆಯಬಾರದು. ಒಂದೇ ರಾತ್ರಿಯ ನೆಕ್ಕುವಿಕೆ ಹೊಲಿಗೆಯನ್ನೆಲ್ಲ ಬಿಚ್ಚಿಸೀತು. ಮನೆಯ ಪ್ಯಾರಾಸಿಟಮಾಲ್ ಬೆಕ್ಕಿಗೆ ಪ್ರಾಣಾಂತಕ, ಐಬುಪ್ರೊಫೇನ್ ನಾಯಿಗೆ ವಿಷ. ನೋವಿಗೆ ವೈದ್ಯರು ಬರೆದ ಔಷಧಿಯೊಂದೇ ಸರಿ. ದಿನಕ್ಕೆರಡು ಸಲ ಹೊಲಿಗೆಯನ್ನು ಬೆಳಕಿನಲ್ಲಿ ನೋಡಿ, ಹೆಚ್ಚುತ್ತಿರುವ ಊತ, ದುರ್ವಾಸನೆ, ಒಸರುವ ನೀರು, ಬಿಳುಚಿದ ಒಸಡು ಕಂಡರೆ ತಡಮಾಡಬಾರದು. ಮಳೆಗಾಲದಲ್ಲಿ ನೊಣ ಮೊಟ್ಟೆಯಿಟ್ಟ ಗಾಯದಲ್ಲಿ ಬಹುಬೇಗ ಹುಳು ಬೀಳುತ್ತವೆ; ಅದಕ್ಕೆ ಸೀಮೆಎಣ್ಣೆ, ಫಿನಾಯಿಲ್ ಸುರಿಯುವ ಪದ್ಧತಿ ಮಾಂಸವನ್ನೇ ಸುಡುತ್ತದೆ.

ಹೊಲಿಗೆ ಬಿಚ್ಚಲು ಸಾಧಾರಣವಾಗಿ 10ರಿಂದ 14 ದಿನ. ಅದುವರೆಗೆ ತೋಟದೊಳಗೆ ಬಿಡದೆ, ಮಲಮೂತ್ರಕ್ಕೆ ಮಾತ್ರ ಹಗ್ಗ ಹಿಡಿದು ಅಂಗಳದ ಒಣ ಜಾಗಕ್ಕೆ ಕರೆದೊಯ್ಯಬೇಕು. ಹೊಲಿಗೆ ಬಿಚ್ಚುವ ದಿನವೇ ಉಣ್ಣಿಯ ಔಷಧಿಯನ್ನು ಮತ್ತೆ ಯಾವಾಗ ಆರಂಭಿಸಬೇಕೆಂದು ವೈದ್ಯರನ್ನು ಕೇಳಿ ಬರೆದಿಟ್ಟುಕೊಳ್ಳುವುದು ಒಳಿತು.