ಅಂತರಜಾಲ ಸಂಪರ್ಕ: ವೇಗಕ್ಕಿಂತ ಮೊದಲು ಸೇವಾ ಗುಣಮಟ್ಟ

ಗ್ರಾಹಕರೊಡನೆ ಅಂತರಜಾಲದ ಮೂಲಕ ಮಾತನಾಡುವಾಗ ಧ್ವನಿ ಕಡಿದು ಬರುವುದು, ವಿಡಿಯೋ ಸಭೆಯಲ್ಲಿ ಚಿತ್ರ ನಿಂತುಬಿಡುವುದು ಅನೇಕ ವ್ಯಾಪಾರ ಸಂಸ್ಥೆಗಳ ಅನುಭವವಾಗಿದೆ. ಆಗ ಹೆಚ್ಚು ಬಾಡಿಗೆಯ, ಹೆಚ್ಚು ವೇಗದ ಸಂಪರ್ಕವನ್ನು ಪಡೆಯುವುದು ರೂಢಿ. ಆದರೆ ದೋಷವು ಅನೇಕ ವೇಳೆ ವೇಗದ ಕೊರತೆಯಲ್ಲಿರದೆ ಸರದಿಯ ನಿರ್ವಹಣೆಯಲ್ಲಿರುತ್ತದೆ. ವೆಚ್ಚ ಮಾಡುವ ಮೊದಲು ಇದನ್ನು ಅರಿಯುವುದು ಲಾಭಕರ.

ಕಾಯಬಲ್ಲದ್ದು ಮತ್ತು ಕಾಯಲಾರದ್ದು

ಜಾಲದಲ್ಲಿ ಮಾಹಿತಿಯು ಪ್ಯಾಕೆಟ್‌ಗಳೆಂಬ ಸಣ್ಣ ತುಣುಕುಗಳಾಗಿ ಸಾಗುತ್ತದೆ. ಇ-ಮೇಲ್, ಲೆಕ್ಕಪತ್ರಗಳ ಬ್ಯಾಕಪ್ ಮೊದಲಾದವು ಕಾಯಬಲ್ಲವು. ಕಳೆದುಹೋದ ಪ್ಯಾಕೆಟನ್ನು ಕಂಪ್ಯೂಟರ್ ಪುನಃ ಕಳುಹಿಸುತ್ತದೆ. ಸಂಭಾಷಣೆಗೆ ಈ ಅನುಕೂಲವಿಲ್ಲ; ತಡವಾಗಿ ಬಂದ ಮಾತಿನ ತುಣುಕು ಬಾರದಿದ್ದಂತೆಯೇ ಸರಿ. ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಜಿ.114 ಶಿಫಾರಸಿನ ಪ್ರಕಾರ ಒಂದು ದಿಕ್ಕಿನ ವಿಳಂಬವು 150 ಮಿಲಿಸೆಕೆಂಡಿನೊಳಗಿದ್ದರೆ ಸಂಭಾಷಣೆಗೆ ಸಾಮಾನ್ಯವಾಗಿ ತೊಡಕಿಲ್ಲ. 400 ಮಿಲಿಸೆಕೆಂಡನ್ನು ಮೀರಬಾರದು.

ಧ್ವನಿಗೆ ಬೇಕಾದ ವೇಗವೂ ಅಲ್ಪವೇ. ಜಿ.711 ಪದ್ಧತಿಯ ಒಂದು ಕರೆಗೆ ಪ್ರತಿ ದಿಕ್ಕಿನಲ್ಲಿ ಸೆಕೆಂಡಿಗೆ ಸುಮಾರು 80ರಿಂದ 90 ಕಿಲೋಬಿಟ್ ಸಾಕು. ಹತ್ತು ಕರೆಗಳು ಸೇರಿದರೂ 1 ಎಂಬಿಪಿಎಸ್‌ನೊಳಗೆ ಮುಗಿಯುತ್ತದೆ.

ಹಾಗಾದರೆ ತೊಂದರೆ ಎಲ್ಲಿ?

ಉದಾಹರಣೆಗೆ, ಹೊರಕಳುಹಿಸುವ ವೇಗ 10 ಎಂಬಿಪಿಎಸ್ ಇರುವ ಕಚೇರಿಯಲ್ಲಿ ಮಧ್ಯಾಹ್ನ ಬ್ಯಾಕಪ್ ಆರಂಭವಾಗಿದೆ ಎಂದಿಟ್ಟುಕೊಳ್ಳೋಣ. ಮೋಡೆಮ್‌ನಲ್ಲಿ 1 ಮೆಗಾಬೈಟ್, ಅಂದರೆ 8 ಮೆಗಾಬಿಟ್ ಮಾಹಿತಿಯ ಸರದಿ ನಿಂತರೆ ಅದು ಖಾಲಿಯಾಗಲು 0.8 ಸೆಕೆಂಡ್, ಎಂದರೆ 800 ಮಿಲಿಸೆಕೆಂಡ್ ಬೇಕು. ಹಿಂದೆ ಬಂದ ಮಾತಿನ ಪ್ಯಾಕೆಟ್ ಅಷ್ಟು ಹೊತ್ತು ಕಾಯಬೇಕು. ವಾರ್ಷಿಕ ವಹಿವಾಟು ದೊಡ್ಡದಾಗಿದ್ದರೂ ಸಂಬಳದ ದಿನ ನಗದು ಇಲ್ಲದ ಸಂಸ್ಥೆಯ ಸ್ಥಿತಿಯೂ ಇದೇ ತೆರನಾದದ್ದು.

ಕೈಗೊಳ್ಳಬೇಕಾದ ಕ್ರಮಗಳು

1. ಸಂಪರ್ಕ ಬಿಡುವಾಗಿದ್ದಾಗ ಮತ್ತು ಬ್ಯಾಕಪ್ ನಡೆಯುತ್ತಿರುವಾಗ ವಿಳಂಬವನ್ನು ಅಳೆಯಿರಿ. ವ್ಯತ್ಯಾಸ ಹೆಚ್ಚಿದ್ದರೆ ದೋಷವು ಸರದಿಯಲ್ಲಿದೆ.
2. ಬ್ಯಾಕಪ್ ಮತ್ತು ತಂತ್ರಾಂಶದ ಅಪ್‌ಡೇಟ್‌ಗಳನ್ನು ರಾತ್ರಿಗೆ ನಿಗದಿಪಡಿಸಿರಿ. ಇದಕ್ಕೆ ಖರ್ಚಿಲ್ಲ.
3. ರೂಟರಿನಲ್ಲಿ ಧ್ವನಿಗೆ ಆದ್ಯತೆ ನೀಡಿಸಿ, ಹೊರಹೋಗುವ ಒಟ್ಟು ವೇಗವನ್ನು ಸಂಪರ್ಕದ ನೈಜ ವೇಗಕ್ಕಿಂತ ತುಸು ಕಡಿಮೆಗೆ ಮಿತಿಗೊಳಿಸಿರಿ. ಆಗ ಸರದಿಯು ಮೋಡೆಮ್‌ನಲ್ಲಿ ಬೆಳೆಯದೆ ನಿಮ್ಮ ರೂಟರಿನ ಹತೋಟಿಯಲ್ಲಿರುತ್ತದೆ.
4. ಇಷ್ಟಾದರೂ ಸಾಲದಿದ್ದರೆ ಮಾತ್ರ ವೇಗ ಹೆಚ್ಚಿಸುವುದನ್ನು ಪರಿಶೀಲಿಸಿರಿ.

ಒಂದು ಎಚ್ಚರಿಕೆ: ನೀವು ನೀಡಿದ ಆದ್ಯತೆಯನ್ನು ಸಾರ್ವಜನಿಕ ಅಂತರಜಾಲವು ಮನ್ನಿಸುವ ಭರವಸೆಯಿಲ್ಲ. ಶಾಖೆಗಳ ನಡುವೆ ಅದು ಅಗತ್ಯವಿದ್ದರೆ ಸೇವಾದಾತರೊಡನೆ ಲಿಖಿತವಾಗಿಯೇ ಒಪ್ಪಂದವಾಗಬೇಕು.

ಒಪ್ಪಂದವನ್ನು ಓದುವ ಬಗೆ

ಶೇ. 99.5 ಲಭ್ಯತೆ ಎಂದರೆ 30 ದಿನಗಳ ತಿಂಗಳಿನಲ್ಲಿ 3.6 ಗಂಟೆ ಸಂಪರ್ಕ ಕಡಿದರೂ ಷರತ್ತಿನ ಉಲ್ಲಂಘನೆಯಲ್ಲ. ಶೇ. 99.9 ಆದರೆ ಸುಮಾರು 43 ನಿಮಿಷ. ಲಭ್ಯತೆಯಲ್ಲದೆ ವಿಳಂಬ, ವಿಳಂಬದ ಏರಿಳಿತ ಮತ್ತು ಪ್ಯಾಕೆಟ್ ನಷ್ಟದ ಮಿತಿಗಳು, ಅಳೆಯುವ ವಿಧಾನ, ತಪ್ಪಿದಲ್ಲಿ ದೊರೆಯುವ ಬಿಲ್ ಕಡಿತ ಇವುಗಳನ್ನೂ ನಮೂದಿಸಿರಬೇಕು. ಇವು ಇಲ್ಲದ ಒಪ್ಪಂದದಲ್ಲಿ ನೀವು ಹಣ ತೆರುವುದು ಕೇವಲ ವೇಗಕ್ಕೆ, ಗುಣಮಟ್ಟಕ್ಕಲ್ಲ. ಮುಂದಿನ ನವೀಕರಣಕ್ಕೆ ಸಹಿ ಹಾಕುವ ಮುನ್ನ ಸದಸ್ಯರು ಇದನ್ನು ಅವಶ್ಯವಾಗಿ ಪರಿಶೀಲಿಸತಕ್ಕದ್ದು.