ಪುರುಸೊತ್ತು ಯಾರಿಗಿದೆ ಮಗಾ!

ಪ್ರಾರ್ಥನೆಗೆ ಪುರುಸೊತ್ತೇ ಸಿಗುವುದಿಲ್ಲ ಅನ್ನುತ್ತೀಯಲ್ಲ, ಆ ಮಾತನ್ನು ನಾನು ಪೂರ್ತಿ ನಂಬುವುದಿಲ್ಲ. ಬೇಜಾರು ಮಾಡಿಕೊಳ್ಳಬೇಡ. ದಿಂಬಿಗೆ ತಲೆ ಕೊಟ್ಟ ಮೇಲೂ ‘ಇದೊಂದೇ ರೀಲ್’ ಅಂತ ಶುರುಮಾಡಿ ನಡುರಾತ್ರಿ ಮಾಡುವವರು ಯಾರು, ನಾನೇ? ಹೊತ್ತು ಇದೆ ಮಗಾ. ಸುಮ್ಮನೆ ಕೂತರೆ ಎಲ್ಲಿ ಯಾರಿಗೂ ಬೇಡವಾಗಿಬಿಡುತ್ತೇನೋ ಅನ್ನುವ ಅಂಜಿಕೆ ನಿನಗೆ.

ಮಾರ್ಕನ ಸುವಾರ್ತೆಯ ಒಂದನೇ ಅಧ್ಯಾಯವನ್ನು ಇನ್ನೊಮ್ಮೆ ನಿಧಾನವಾಗಿ ಓದು. ಕಪೆರ್ನೌಮಿನಲ್ಲಿ ಸಬ್ಬತ್ ದಿನ ಹೊತ್ತು ಮುಳುಗಿದ್ದೇ ತಡ, ಊರಿಗೆ ಊರೇ ರೋಗಿಗಳನ್ನು ಕರೆದುಕೊಂಡು ಸೀಮೋನನ ಮನೆ ಬಾಗಿಲಿಗೆ ಬಂತು. ಅಂಥ ರಾತ್ರಿಯ ಮಾರನೇ ದಿನ ನೀನಾಗಿದ್ದರೆ ಎಂಟಕ್ಕೆ ಎದ್ದು, ಸಿಕ್ಕಸಿಕ್ಕವರಿಗೆಲ್ಲ ಸುಸ್ತಿನ ಕಥೆ ಹೇಳುತ್ತಿದ್ದೆ. ಯೇಸುಸ್ವಾಮಿ ಇನ್ನೂ ಕತ್ತಲಿರುವಾಗಲೇ ಎದ್ದು, ಊರಾಚೆ ಹೋಗಿ ಒಬ್ಬನೇ ಪ್ರಾರ್ಥನೆಗೆ ಕೂತ. ಸೀಮೋನ ಬಿಟ್ಟಾನೆಯೇ? ಜೊತೆಗಾರರನ್ನು ಕಟ್ಟಿಕೊಂಡು ಹುಡುಕಿ ಬಂದ. ಎಲ್ಲರೂ ನಿನ್ನನ್ನು ಹುಡುಕುತ್ತಿದ್ದಾರೆ ಅಂದ. ನಿನ್ನ ಆಫೀಸಿನ ವಾಟ್ಸಾಪ್ ಗುಂಪಿನ ದನಿಯೇ! ಯೇಸು ಆ ಬಾಗಿಲಿಗೆ ವಾಪಸ್ ಹೋಗಲಿಲ್ಲ, ಅಕ್ಕಪಕ್ಕದ ಊರುಗಳಿಗೆ ಹೊರಟ. ಹುಡುಕುತ್ತಿದ್ದವರು ನೋವಿದ್ದ ಮನುಷ್ಯರು, ನಿನ್ನ ಎಕ್ಸೆಲ್ ಶೀಟ್ ಅಲ್ಲ, ಆದರೂ. ಯಾವುದಕ್ಕೆ ಹ್ಞೂಂ, ಯಾವುದಕ್ಕೆ ಉಹೂಂ ಅನ್ನಬೇಕು ಅನ್ನುವುದು ಅಂಥ ಬೆಳಗಿನ ಹೊತ್ತಿನಲ್ಲೇ ತಿಳಿಯುವುದು.

ಮೊಣಕಾಲೂರಿದ ಕೂಡಲೇ ತೂಕಡಿಕೆ ಬರುತ್ತದೆ ಅಂತ ನಾಚಿಕೆಪಡುತ್ತೀಯಲ್ಲ, ಪ್ರವಾದಿ ಎಲೀಯನನ್ನು ಮರೆತೆಯಾ? ಕರ್ಮೆಲ್ ಬೆಟ್ಟದಲ್ಲಿ ಗೆದ್ದು, ರಾಣಿ ಈಜೆಬೆಲಳ ಬೆದರಿಕೆಗೆ ಓಟ ಕಿತ್ತು, ಅಡವಿಯಲ್ಲಿ ಗಿಡದ ಬುಡದಲ್ಲಿ ಬಿದ್ದುಕೊಂಡು ಸಾವು ಬೇಡಿದವನು. ದೇವರು ಅವನಿಗೆ ಪ್ರಸಂಗ ಮಾಡಲಿಲ್ಲ. ದೂತ ತಟ್ಟಿ ಎಬ್ಬಿಸಿ ಕೆಂಡದ ರೊಟ್ಟಿ, ತಂಬಿಗೆ ನೀರು ತೋರಿಸಿದ. ತಿಂದ, ಕುಡಿದ, ಮತ್ತೆ ಮಲಗಿದ. ಇನ್ನೊಮ್ಮೆ ಎಬ್ಬಿಸಿ ಉಣ್ಣಿಸಿದ್ದಾಯಿತು. ಮಾತುಕತೆಯೆಲ್ಲ ಆಮೇಲೆ, ಹೋರೇಬ್ ಬೆಟ್ಟದಲ್ಲಿ. ನೀನು ನಿದ್ದೆಗೆಟ್ಟು ಬೆಳಗ್ಗೆ ಭಕ್ತಿ ಹುಡುಕುತ್ತೀಯ, ಸಿಕ್ಕೀತು ಹೇಗೆ?

ಒಂದು ಗಂಟೆ ಕೂರುತ್ತೇನೆ ಅನ್ನುವ ಹಟವೂ ಬೇಡ. ನಿನ್ನ ಉತ್ಸಾಹ ನನಗೆ ಗೊತ್ತಿಲ್ಲವೇ? ಜನವರಿಗೆ ಹೊಸ ಡೈರಿ, ಬಣ್ಣಬಣ್ಣದ ಪೆನ್ನು, ವರ್ಷದಲ್ಲಿ ಸತ್ಯವೇದ ಮುಗಿಸುವ ಪಟ್ಟಿ. ಯಾಜಕಕಾಂಡ ಬರುವಷ್ಟರಲ್ಲಿ ಎಲ್ಲ ಠುಸ್! ಹತ್ತು ನಿಮಿಷ ಸಾಕು. ಆದರೆ ಒಲೆ ಹಚ್ಚುವ ಮುಂಚೆ, ಫೋನು ಮುಟ್ಟುವ ಮುಂಚೆ, ದಿನಾ ಅದೇ ಕುರ್ಚಿಯಲ್ಲಿ. ಹೇಳಲು ಏನೂ ತೋಚದಿದ್ದರೆ ತೆಪ್ಪಗೆ ಕೂತಿರು. ದೇವರಿಗೆ ನಿನ್ನ ವರದಿ ಬೇಕಾಗಿಲ್ಲ.

ಭಾನುವಾರದ ವಿಷಯವಂತೂ ಕೇಳಲೇಬೇಡ. ಆರಾಧನೆಯ ಲೈವ್ ಹಾಕಿಕೊಂಡು ಈರುಳ್ಳಿ ಹೆಚ್ಚುವ ಜಾಣರು ನೀವು. ಅಡವಿಯಲ್ಲಿ ದೇವರು ತನ್ನ ಜನಕ್ಕೆ ಕೊಟ್ಟ ಮನ್ನ ಕೂಡ ವಿಶ್ರಾಂತಿಯ ದಿನಕ್ಕೂ ಸೇರಿಸಿ ಆರನೇ ದಿನವೇ ಎರಡು ಪಾಲು ಸಿಗುತ್ತಿತ್ತು. ಏಳನೇ ದಿನ ಆಸೆಬುರುಕರು ಹುಡುಕಹೋದರೆ ಏನೂ ಇರಲಿಲ್ಲ. ಶನಿವಾರವೇ ಬಟ್ಟೆ ಇಸ್ತ್ರಿ ಮಾಡು, ಹಿಟ್ಟು ರುಬ್ಬಿಡು. ಭಾನುವಾರ ಸಭೆಗೆ ಹೋಗಿ ಬಾ, ಹೊಟ್ಟೆ ತುಂಬ ಉಂಡು ನಿಶ್ಚಿಂತೆಯಿಂದ ಮಲಗು. ನನಗೆ ಫೋನ್ ಮಾಡುವುದಿದ್ದರೆ ನಾಲ್ಕರ ಮೇಲೆ ಮಾಡು. ಅದಕ್ಕೆ ಮುಂಚೆ ನಾನಂತೂ ಎತ್ತುವುದಿಲ್ಲ.